ಧ್ವನಿಮುದ್ರಣದಲ್ಲಿ ಕಾಣೆಯಾಗುವ ಅಕ್ಷರಗಳು

ಹಿರಿಯರ ಹಾಡನ್ನೂ ಮಾತನ್ನೂ ಮನೆಯಲ್ಲಿಯೇ ಮುದ್ರಿಸಿಡುವ ಹವ್ಯಾಸ ಈಚೆಗೆ ನಮ್ಮ ಗಡಿಭಾಗದ ಹಳ್ಳಿಗಳಿಗೂ ಕಾಲಿಟ್ಟಿದೆ. ಒಂದು ಮೈಕು, ಅದರ ಧ್ವನಿಯನ್ನು ಅಂಕಿಗಳಾಗಿ ಪರಿವರ್ತಿಸಿ ಗಣಕಯಂತ್ರಕ್ಕೆ ಒಪ್ಪಿಸುವ ಅಂಗೈಯಗಲದ ಪೆಟ್ಟಿಗೆ, ಮಕ್ಕಳು ಕಾಲೇಜು ಮುಗಿಸಿ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇಷ್ಟಿದ್ದರೆ ಮನೆಯ ಕೋಣೆಯೇ ಸ್ಟುಡಿಯೋ ಆಗುತ್ತದೆ. ಈ ಕೆಲಸದಲ್ಲಿ ತೊಡಗಿದವರು ಹೇಳಿಕೊಳ್ಳುವ ದೂರುಗಳು ಮುಖ್ಯವಾಗಿ ಎರಡು. ಹಾಡುವವರ ಕಿವಿಗೆ ಅವರ ದನಿಯೇ ತಡವಾಗಿ ಬಂದು ಮುಟ್ಟುತ್ತದೆ ಎಂಬುದು ಒಂದು. ಮುದ್ರಣದ ನಡುನಡುವೆ ಟಪ್ಪೆಂದು ಸದ್ದಾಗಿ ಧ್ವನಿ ತುಂಡಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ವಿಳಂಬವೆಂದೂ ಎರಡನೆಯದನ್ನು ಲೋಪವೆಂದೂ ಕರೆಯೋಣ. ಎರಡನ್ನೂ ಒಂದೇ ರೋಗವೆಂದು ತಿಳಿದು ಒಂದೇ ಮದ್ದು ಕೊಡುವವರೇ ಹೆಚ್ಚು. ವಾಸ್ತವದಲ್ಲಿ ಒಂದರ ಮದ್ದು ಇನ್ನೊಂದನ್ನು ಉಲ್ಬಣಗೊಳಿಸುತ್ತದೆ.

ನಾರ್ವದ ಸುತ್ತಮುತ್ತ ಇದು ಕೇವಲ ಯಂತ್ರದ ಪ್ರಶ್ನೆಯಲ್ಲ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ರಾಯಚೂರು ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಹೋಯಿತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. ದಾಸಸಾಹಿತ್ಯದ ಹಿರಿಯರಲ್ಲೊಬ್ಬರಾದ ಗೋಪಾಲದಾಸರು ನೆಲೆನಿಂತ ಉತ್ತನೂರು ಇಂದು ಜೋಗುಳಾಂಬಾ ಗದ್ವಾಲ ಜಿಲ್ಲೆಯಲ್ಲಿದೆ. ನಮ್ಮ ನಾರಾಯಣಪೇಟೆಯಾದರೋ ಮಹಬೂಬನಗರದಿಂದ ಬೇರ್ಪಟ್ಟು 2019ರ ಫೆಬ್ರುವರಿ 17ರಂದು ತಾನೇ ಜಿಲ್ಲೆಯಾಯಿತು. ಆಡಳಿತದ ಹೆಸರುಗಳು ಹೀಗೆ ಬದಲಾಗುತ್ತಿದ್ದರೂ ಭಜನೆಯ ತತ್ವಪದಗಳು, ಮೊಹರಂ ಪದಗಳು, ಬೀಸುವ ಕಲ್ಲಿನ ಹಾಡುಗಳು ಕೆಲವು ಮನೆಗಳಲ್ಲಿ ಇನ್ನೂ ಕನ್ನಡದಲ್ಲಿಯೇ ಉಳಿದಿವೆ. ಹಾಡುವವರು ಎಪ್ಪತ್ತು ದಾಟಿದವರು. ಮೊಮ್ಮಕ್ಕಳು ತೆಲುಗು ಇಲ್ಲವೆ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವವರು. ಒಬ್ಬ ಅಜ್ಜಿ ಒಂದು ಪದವನ್ನು ಮೊದಲಿನಿಂದ ಕೊನೆಯವರೆಗೆ ನೆನಪಿಸಿಕೊಂಡು ಹಾಡುವ ಸಂಜೆ ಮತ್ತೊಮ್ಮೆ ಒದಗುತ್ತದೆಂಬ ಭರವಸೆ ಯಾರಿಗಿದೆ?

ಯಂತ್ರದೊಳಗೆ ನಡೆಯುವುದನ್ನು ಜೋಳದ ಕಣಕ್ಕೆ ಹೋಲಿಸಬಹುದು. ಮೈಕಿನಿಂದ ಸೆಕೆಂಡಿಗೆ 48,000 ಕಾಳುಗಳು ಒಂದೇ ಸಮನೆ ಸುರಿಯುತ್ತಿವೆಯೆಂದು ಭಾವಿಸಿ. ಪ್ರತಿಯೊಂದು ಕಾಳೂ ಆ ಕ್ಷಣದ ಧ್ವನಿಯ ಒಂದು ಅಳತೆ. ಸುರಿಯುವುದನ್ನು ನಿಲ್ಲಿಸುವಂತಿಲ್ಲ. ಕೆಳಗೊಂದು ಬುಟ್ಟಿಯಿದೆ, ಅದರ ಹೆಸರು ಬಫರ್. ಬುಟ್ಟಿ ತುಂಬಿದೊಡನೆ ಗಣಕವೆಂಬ ಆಳು ಬಂದು ಅದನ್ನೆತ್ತಿಕೊಂಡು ಖಾಲಿ ಬುಟ್ಟಿಯನ್ನಿಡಬೇಕು. 128 ಕಾಳು ಹಿಡಿಯುವ ಬುಟ್ಟಿಯಾದರೆ ಅವನು 2.7 ಮಿಲಿಸೆಕೆಂಡಿಗೊಮ್ಮೆ ಓಡಿಬರಬೇಕು. 1,024 ಕಾಳಿನದಾದರೆ 21 ಮಿಲಿಸೆಕೆಂಡಿಗೊಮ್ಮೆ ಬಂದರೆ ಸಾಕು. ಆಳು ತಡಮಾಡಿದರೆ ಕಾಳು ನೆಲದ ಪಾಲಾಗುತ್ತದೆ, ಇದೇ ಲೋಪ. ಬುಟ್ಟಿ ದೊಡ್ಡದಾದಷ್ಟೂ ಅದು ತುಂಬಿ ಮನೆ ಸೇರುವುದು ತಡವಾಗುತ್ತದೆ, ಇದೇ ವಿಳಂಬ. ವಿಳಂಬವನ್ನು ಕಳೆಯಲೆಂದು ಬುಟ್ಟಿಯನ್ನು ಚಿಕ್ಕದು ಮಾಡುತ್ತ ಹೋದವರು ಲೋಪವನ್ನು ಕರೆದು ಕೂರಿಸಿದಂತಾಗುವುದು ಹೀಗೆ.

ಗಣಕದ ಶಕ್ತಿಯಲ್ಲಿ ಶೇಕಡ 10ರಷ್ಟು ಮಾತ್ರ ಬಳಕೆಯಾಗುತ್ತಿದೆಯೆಂದು ಪರದೆ ತೋರಿಸುತ್ತಿರುವಾಗಲೂ ಧ್ವನಿ ತುಂಡಾಗುವುದುಂಟು. ಇದನ್ನು ಕಂಡು ಗೊಂದಲಗೊಂಡವರು ಹೊಸ ಯಂತ್ರಕ್ಕೆ ಹಣ ಸುರಿಯುತ್ತಾರೆ. ನನ್ನ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡುವೆ. ವಾದಿಯು ಬೆಳಗಿನಿಂದ ಸಂಜೆಯವರೆಗೆ ನ್ಯಾಯಾಲಯದ ಆವರಣದಲ್ಲಿಯೇ ಇದ್ದನೆಂಬುದು ಲೆಕ್ಕಕ್ಕೆ ಬರುವುದಿಲ್ಲ. ಹೆಸರು ಕೂಗಿದ ಗಳಿಗೆಯಲ್ಲಿ ಚಹಾದಂಗಡಿಯಲ್ಲಿದ್ದರೆ ದಾವೆ ಗೈರುಹಾಜರಿಯ ಮೇಲೆ ವಜಾ ಆಗುತ್ತದೆ. ಗಣಕದ ವಿಷಯದಲ್ಲಿಯೂ ಬೇಕಾದುದು ಬಲವಲ್ಲ, ಕರೆದಾಗ ಹಾಜರಿ. ವಜಾ ಆದ ದಾವೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶ, 9ನೆಯ ನಿಯಮದಂತೆ ಸಕಾರಣ ತೋರಿಸಿ ಮರಳಿ ಫೈಲಿಗೆ ತರಿಸಿಕೊಳ್ಳಬಹುದು. ಬಿದ್ದುಹೋದ ಧ್ವನಿಗೆ ಅಂಥ ನಿಯಮವಿಲ್ಲ.

ಹಾಗಾದರೆ ಆಳು ಹೋಗುವುದೆಲ್ಲಿಗೆ? ಬಹುಪಾಲು ಸಂದರ್ಭಗಳಲ್ಲಿ ವೈಫೈ ಕರೆದಲ್ಲಿಗೆ. ಗಣಕದೊಳಗಿನ ಪ್ರತಿಯೊಂದು ಅಂಗವೂ ತನ್ನ ಡ್ರೈವರ್ ಎಂಬ ತಂತ್ರಾಂಶದ ಮೂಲಕ ಪ್ರೊಸೆಸರನ್ನು ತಡೆದು ನಿಲ್ಲಿಸಿ ತನ್ನ ಕೆಲಸವನ್ನು ಮೊದಲು ಮಾಡಿಸಿಕೊಳ್ಳುವ ಹಕ್ಕು ಪಡೆದಿದೆ. ಕೆಟ್ಟದಾಗಿ ಬರೆದ ಡ್ರೈವರು ಆ ಹಕ್ಕನ್ನು ದುರುಪಯೋಗಪಡಿಸಿಕೊಂಡು ಕೆಲವು ಮಿಲಿಸೆಕೆಂಡುಗಳ ಕಾಲ ಜಗ್ಗಿ ಹಿಡಿಯುತ್ತದೆ. ವೈಫೈ, ಬ್ಲೂಟೂತ್, ಚಿತ್ರಪರದೆ, ಬ್ಯಾಟರಿ ಇವು ಹೆಚ್ಚಾಗಿ ಸಿಕ್ಕಿಬೀಳುವ ಆರೋಪಿಗಳು. ವಿಂಡೋಸ್ ಇರುವ ಯಂತ್ರಗಳಿಗೆ ಲೇಟೆನ್ಸಿಮಾನ್ ಎಂಬ ಸಣ್ಣ ಉಪಕರಣ ದೊರೆಯುತ್ತದೆ. ಅದನ್ನು ಹತ್ತು ಹದಿನೈದು ನಿಮಿಷ ಓಡಲು ಬಿಟ್ಟರೆ ಯಾವ ಡ್ರೈವರು ಎಷ್ಟು ಹೊತ್ತು ಹಿಡಿದಿಟ್ಟುಕೊಂಡಿತೆಂಬುದನ್ನು ಹೆಸರು ಹಿಡಿದು ತೋರಿಸುತ್ತದೆ. ಇದು ಸಾಕ್ಷಿ, ಇದಿಲ್ಲದೆ ಮಾಡುವ ರಿಪೇರಿಯೆಲ್ಲ ಊಹೆ.

ವಿಚಾರಣೆಯ ಕ್ರಮವೂ ಪಾಟೀಸವಾಲಿನಂತೆಯೇ ಇರಬೇಕು, ಒಂದು ಸಲಕ್ಕೆ ಒಂದೇ ಪ್ರಶ್ನೆ. ಮೊದಲು ವೈಫೈ ಮತ್ತು ಬ್ಲೂಟೂತ್ ಎರಡನ್ನೂ ಆರಿಸಿ ಐದು ನಿಮಿಷ ಮುದ್ರಿಸಿ ನೋಡಬೇಕು. ಮುದ್ರಣಕ್ಕೆ ಅಂತರ್ಜಾಲದ ಹಂಗು ಎಳ್ಳಷ್ಟೂ ಇಲ್ಲ. ಅನಂತರ ವಿದ್ಯುತ್ ನಿರ್ವಹಣೆಯ ವ್ಯವಸ್ಥೆಯನ್ನು ಮಿತವ್ಯಯದಿಂದ ಪೂರ್ಣಸಾಮರ್ಥ್ಯಕ್ಕೆ ಬದಲಿಸಬೇಕು. ಮಿತವ್ಯಯದಲ್ಲಿ ಪ್ರೊಸೆಸರು ನಡುನಡುವೆ ತೂಕಡಿಸಿ, ಎಚ್ಚರಗೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಮೈಕಿನ ಪೆಟ್ಟಿಗೆಯ ತಂತಿಯನ್ನು ನಾಲ್ಕು ಬಾಯಿಯ ಹಬ್ಬಿಗೆ ಸಿಕ್ಕಿಸದೆ ನೇರವಾಗಿ ಗಣಕದ ಯುಎಸ್‌ಬಿ ಕಿಂಡಿಗೇ ಸಿಕ್ಕಿಸಬೇಕು. ಪೆಟ್ಟಿಗೆಯಲ್ಲಿ 48,000, ತಂತ್ರಾಂಶದಲ್ಲಿ 44,100 ಎಂದು ಎರಡು ಲೆಕ್ಕ ಇರಬಾರದು. ಹಾಗಿದ್ದರೆ ಟಪಟಪ ಸದ್ದು ಬರಬಹುದು, ಕೆಲವೊಮ್ಮೆ ಶ್ರುತಿಯೇ ಜಾರಬಹುದು. ಪೆಟ್ಟಿಗೆ ತಯಾರಿಸಿದವರೇ ಕೊಟ್ಟ ಎಎಸ್‌ಐಓ ಡ್ರೈವರು ಇದ್ದರೆ ಅದನ್ನೇ ಹಾಕಬೇಕು. ಧ್ವನಿಯನ್ನು ವಿಂಡೋಸ್‌ನ ಒಳದಾರಿಗಳಲ್ಲಿ ಸುತ್ತಿಸದೆ ನೇರವಾಗಿ ಒಯ್ಯಲೆಂದೇ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಈ ಪದ್ಧತಿಯನ್ನು ತಂದಿತು. ಮುದ್ರಣವನ್ನು ಪೆನ್‌ಡ್ರೈವಿಗೆ ನೇರವಾಗಿ ಬರೆಯುವ ಅಭ್ಯಾಸವೂ ಒಳ್ಳೆಯದಲ್ಲ. 24 ಬಿಟ್ಟಿನ ಒಂದು ಗಂಟೆಯ ಮುದ್ರಣಕ್ಕೆ ಬೇಕಾಗುವುದು ಸುಮಾರು 520 ಎಂಬಿ ಮಾತ್ರ. ಗಣಕದ ಒಳಗೇ ಬರೆದು ಆಮೇಲೆ ಪ್ರತಿ ತೆಗೆದುಕೊಳ್ಳಬಹುದು.

ನಮ್ಮ ಸೀಮೆಗೇ ವಿಶೇಷವಾದ ಒಂದು ಕಾರಣವುಂಟು, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಿಟಕಿ ಬಾಗಿಲು ಮುಚ್ಚಿ, ಸದ್ದಾಗದಿರಲೆಂದು ಫ್ಯಾನು ನಿಲ್ಲಿಸಿ ಕುಳಿತರೆ ಹಾಡುವವರಷ್ಟೇ ಅಲ್ಲ, ಯಂತ್ರವೂ ಬೆವರುತ್ತದೆ. ಕಾವು ಮಿತಿಮೀರಿದಾಗ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ನಿಧಾನವಾಗುತ್ತದೆ. ಮೊದಲ ಇಪ್ಪತ್ತು ನಿಮಿಷ ಸುಸೂತ್ರವಾಗಿ ನಡೆದು ಅಲ್ಲಿಂದಾಚೆಗೆ ಲೋಪಗಳು ಸಾಲುಗಟ್ಟಿದರೆ ಕಾವನ್ನೇ ಸಂಶಯಿಸಬೇಕು. ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪನ್ನು ಎರಡು ಮರದ ತುಂಡುಗಳ ಮೇಲೆ ಎತ್ತಿಟ್ಟರೆ ಅರ್ಧ ಪರಿಹಾರವಾದಂತೆ. ಬೆಳಗಿನ ಜಾವದ ಮುದ್ರಣ ಎಲ್ಲಕ್ಕಿಂತ ಮೇಲು; ಆಗ ಟ್ರಾಕ್ಟರುಗಳ ಸದ್ದೂ ಕಡಿಮೆ. ಚಾರ್ಜರ್ ಸಿಕ್ಕಿಸಿದೊಡನೆ ಗುಂಯ್ ಎನ್ನುವ ನಾದ ಬರುತ್ತಿದ್ದರೆ ಅದು ಭೂಸಂಪರ್ಕದ ದೋಷ, ಲೋಪವಲ್ಲ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿದರೆ ಅದು ಅಡಗುತ್ತದೆ. ಆದರೆ ಬ್ಯಾಟರಿಗೆ ಬಂದೊಡನೆ ಯಂತ್ರ ಮತ್ತೆ ಮಿತವ್ಯಯಕ್ಕೆ ಜಾರುವುದುಂಟು, ಆ ವ್ಯವಸ್ಥೆಯನ್ನು ಬೇರೆಯಾಗಿ ಸರಿಪಡಿಸಿರಬೇಕು.

ಇನ್ನು ವಿಳಂಬ. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. 10 ಮಿಲಿಸೆಕೆಂಡಿನ ವಿಳಂಬವೆಂದರೆ ಹನ್ನೊಂದು ಅಡಿ ದೂರದಿಂದ ಕೇಳಿದಂತೆ. ಭಜನೆಯ ಸಾಲಿನಲ್ಲಿ ಆ ತುದಿಯ ತಾಳವನ್ನು ಈ ತುದಿಯವರು ಇದಕ್ಕಿಂತ ತಡವಾಗಿ ಕೇಳುತ್ತ ಹಾಡುವುದಿಲ್ಲವೆ? ತೊಂದರೆಯಾಗುವುದು ಸ್ವಂತ ದನಿ ಹೆಡ್‌ಫೋನಿನಲ್ಲಿ ಬಹಳ ತಡವಾಗಿ ಮರಳಿದಾಗ. ಅಮೆರಿಕದ ಬರ್ನಾರ್ಡ್ ಲೀ 1950ರಲ್ಲಿಯೇ ಇದನ್ನು ದಾಖಲಿಸಿದರು. ಸುಮಾರು ಸೆಕೆಂಡಿನ ಐದನೆಯ ಒಂದು ಭಾಗ ತಡವಾಗಿ ತಮ್ಮ ಮಾತು ತಮಗೇ ಕೇಳಿಸಿದರೆ ಮಾತು ಬಲ್ಲವರೂ ತೊದಲುತ್ತಾರೆ. ಬ್ಲೂಟೂತ್ ಹೆಡ್‌ಫೋನುಗಳ ವಿಳಂಬ ಹೆಚ್ಚುಕಡಿಮೆ ಈ ಮಟ್ಟಕ್ಕೇ ಹೋಗುವುದುಂಟು. ವಯಸ್ಸಾದವರಿಗೆ ಅದನ್ನು ತೊಡಿಸಿ, ಅವರು ತಡವರಿಸಿದಾಗ ನೆನಪು ಕೈಕೊಟ್ಟಿತೆಂದು ನಿಟ್ಟುಸಿರು ಬಿಡುವುದು ಅನ್ಯಾಯ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನಮ್ಮ ಬಗೆಯ ಮುದ್ರಣಕ್ಕೆ ಕಡಿಮೆ ವಿಳಂಬದ ಅಗತ್ಯವೇ ಇಲ್ಲ. ತಂಬೂರಿ ಹಿಡಿದು ಹಾಡುವವರಿಗೆ ಹೆಡ್‌ಫೋನು ಏಕೆ ಬೇಕು? ತಮ್ಮ ದನಿಯನ್ನು ಅವರು ಕೋಣೆಯ ಗಾಳಿಯಲ್ಲಿಯೇ ಕೇಳುತ್ತಾರೆ. ಮೊದಲೇ ಮುದ್ರಿಸಿದ ಹಾರ್ಮೋನಿಯಂ ಕೇಳುತ್ತ ಹಾಡಬೇಕಾದವರಿಗೆ, ಪೆಟ್ಟಿಗೆಯಲ್ಲಿರುವ ನೇರ ಆಲಿಕೆಯ ಗುಂಡಿಯಿಂದ ಸ್ವಂತ ದನಿ ಗಣಕವನ್ನು ಹೊಕ್ಕು ಬರದೆಯೇ ಕಿವಿಗೆ ಮುಟ್ಟುತ್ತದೆ. ಆದುದರಿಂದ ಬುಟ್ಟಿಯನ್ನು ಸಂಕೋಚವಿಲ್ಲದೆ 1,024ಕ್ಕೋ 2,048ಕ್ಕೋ ಏರಿಸಿ. ನಗರದ ಸ್ಟುಡಿಯೋಗಳವರು 64, 128 ಎಂದು ಹೆಮ್ಮೆಪಡುವುದು ಅವರ ಅಗತ್ಯಕ್ಕೆ. ಅದನ್ನು ಅನುಕರಿಸುವ ಹಟವೇ ಎಷ್ಟೋ ಮನೆಗಳಲ್ಲಿ ಮುದ್ರಣವನ್ನು ಕೆಡಿಸುತ್ತಿದೆ.

ಲೋಪ ಸಣ್ಣದೆಂದು ಅಲಕ್ಷಿಸುವವರಿಗೆ ಕನ್ನಡದ ದ್ವಿತ್ವಾಕ್ಷರವನ್ನು ನೆನಪಿಸಬಯಸುತ್ತೇನೆ. ಕತ್ತೆ ಮತ್ತು ಕತೆ ಈ ಎರಡು ಪದಗಳ ನಡುವಿನ ಅಂತರ ನಾಲಗೆ ಹಲ್ಲಿಗೆ ತಾಗಿ ನಿಲ್ಲುವ ಕಾಲದ ಅಳತೆಯಲ್ಲಿಯೇ ಇದೆ. ಮೂರು ನಾಲ್ಕು ಬುಟ್ಟಿಗಳು ಬಿದ್ದುಹೋಗಿ ಉಳಿದ ತುದಿಗಳು ಕೂಡಿಕೊಂಡರೆ ಕತ್ತೆ ಕತೆಯಾಗುತ್ತದೆ, ದೀರ್ಘ ಹ್ರಸ್ವವಾಗುತ್ತದೆ. ನಗೆಯ ಮಾತಲ್ಲ ಇದು. ತತ್ವಪದದಲ್ಲಿ ಒಂದು ಅಕ್ಷರ ಸಡಿಲಿದರೆ ಅರ್ಥವೇ ಬೇರೆ ದಾರಿ ಹಿಡಿಯುತ್ತದೆ. ಐವತ್ತು ವರ್ಷಗಳ ನಂತರ ಕೇಳುವವರು ನಾರ್ವದವರು ಹೀಗೆಯೇ ಉಚ್ಚರಿಸುತ್ತಿದ್ದರೆಂದು ಬರೆದಿಟ್ಟುಕೊಳ್ಳುತ್ತಾರೆ. ಬಿರುಕನ್ನು ಅದೇ ಹಾಡಿನ ಬೇರೊಂದು ನುಡಿಯಿಂದ ಕತ್ತರಿಸಿ ತಂದು ತುಂಬುವ ಚಾಣಾಕ್ಷರೂ ಇದ್ದಾರೆ. ಗುರುತು ಹಾಕದೆ ಹಾಗೆ ತುಂಬುವುದು ದಸ್ತಾವೇಜಿನಲ್ಲಿ ಸಹಿಯಿಲ್ಲದೆ ತಿದ್ದಿದಂತೆಯೇ ಸರಿ. ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶದಲ್ಲಿ ಲೋಪಗಳನ್ನು ಪತ್ತೆಹಚ್ಚಿ ಆಯಾ ಜಾಗದಲ್ಲಿ ಚೀಟಿ ಅಂಟಿಸುವ ಸೌಲಭ್ಯವಿದೆ; ಆ ಚೀಟಿಗಳನ್ನು ಅಳಿಸಬಾರದು.

ಹಾಡಷ್ಟೇ ಅಲ್ಲದೆ ಮನೆಯ ಪಾಲು, ಹೊಲದ ಗಡಿ ಮುಂತಾದವುಗಳ ಬಗೆಗಿನ ಹಿರಿಯರ ಹೇಳಿಕೆಯನ್ನು ಮುದ್ರಿಸುವವರೂ ಇದ್ದಾರೆ. ಅವರು ತಿಳಿದಿರಬೇಕಾದುದಿಷ್ಟು. ರಾಮ್ ಸಿಂಗ್ ವಿರುದ್ಧ ಕರ್ನಲ್ ರಾಮ್ ಸಿಂಗ್ ಪ್ರಕರಣದಲ್ಲಿ 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಧ್ವನಿಮುದ್ರಣವನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಕೆಲವು ಕಟ್ಟುಪಾಡುಗಳನ್ನು ವಿಧಿಸಿತು. ದನಿ ಯಾರದೆಂದು ಗುರುತಾಗಬೇಕು, ಅಳಿಸಿದ ಅಥವಾ ತಿದ್ದಿದ ಶಂಕೆಗೆ ಎಡೆಯಿರಬಾರದು, ಮಾತು ಸ್ಪಷ್ಟವಾಗಿ ಕೇಳಿಸಬೇಕು ಎಂಬುವು ಅವುಗಳಲ್ಲಿವೆ. ವೈಫೈ ಕೆಡಿಸಿದ ಬಿರುಕಿಗೂ ಬೇಕೆಂದೇ ಕತ್ತರಿಸಿದ ಬಿರುಕಿಗೂ ಕಿವಿಗೆ ಭೇದ ತಿಳಿಯದು. ಎದುರು ಪಕ್ಷದ ವಕೀಲರು ಎರಡನೆಯದೆಂದೇ ವಾದಿಸುವರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರವೂ ಬೇಕು. ಅದರಲ್ಲಿ ಹ್ಯಾಶ್ ಎಂಬ, ಕಡತದ ಬೆರಳಚ್ಚಿನಂಥ ಸಂಖ್ಯೆಯನ್ನು ನಮೂದಿಸಬೇಕಾಗುತ್ತದೆ. ಮೂಲ ಕಡತವನ್ನು ಒಂದು ಸಲ ತೆರೆದು ಸವರಿ ಉಳಿಸಿದರೂ ಆ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ಮೂಲವನ್ನು ಮುಟ್ಟದೆ ಇಟ್ಟು, ಸ್ವಚ್ಛಗೊಳಿಸುವುದೇನಿದ್ದರೂ ಪ್ರತಿಯಲ್ಲಿ ಮಾಡಿ.

ಹಿರಿಯರನ್ನು ಕರೆಸುವ ಹಿಂದಿನ ದಿನ, ಅದೇ ಕೋಣೆಯಲ್ಲಿ ಅದೇ ಹೊತ್ತಿಗೆ, ರೇಡಿಯೋ ಹಚ್ಚಿ ನಲವತ್ತು ನಿಮಿಷ ಮುದ್ರಿಸಿ ನೋಡಿ. ಒಂದೂ ಚೀಟಿ ಬೀಳದಿದ್ದರೆ ಯಂತ್ರ ಸಿದ್ಧವಾಗಿದೆ. ಮರುದಿನ ಪಕ್ಕದಲ್ಲಿ ಒಂದು ಮೊಬೈಲನ್ನೂ ವಿಮಾನಸ್ಥಿತಿಯಲ್ಲಿಟ್ಟು ಮುದ್ರಣಕ್ಕೆ ಹಚ್ಚಿ. ಅದರ ಧ್ವನಿ ಬಡವಾದರೂ, ಗಣಕದಲ್ಲಿ ಬಿರುಕು ಬಿದ್ದ ಜಾಗದಲ್ಲಿ ಅಜ್ಜಿ ಆ ಗಳಿಗೆಯಲ್ಲಿ ಹಾಡಿದ್ದೇನೆಂಬುದಕ್ಕೆ ಅದೇ ಆಧಾರ. ಅಲ್ಲಿಂದ ತುಂಬಿದ್ದನ್ನು ತುಂಬಿದ್ದೆಂದು ಬರೆದಿಟ್ಟರಾಯಿತು. ಹಾಡು ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತಾಳವನ್ನು ಜೋರಾಗಿ ತಟ್ಟಿಸಿ. ಎರಡು ಮುದ್ರಣಗಳನ್ನು ಅಕ್ಕಪಕ್ಕ ಹೊಂದಿಸಿಕೊಳ್ಳುವಾಗ ಆ ಎರಡು ಪೆಟ್ಟುಗಳು ಗುರುತಾಗಿ ಒದಗುತ್ತವೆ.