ಬ್ರೇಕ್ ಆಯಿಲ್: ಮುಚ್ಚಳ ಓದಿ, ವಿಡಿಯೊ ಅಲ್ಲ

ಹೋದ ವಾರ ಸಾರಕ್ಕಿ ಮಾರ್ಕೆಟ್‌ನಲ್ಲಿ ಬೀನ್ಸ್ ಇಳಿಸಿ ಟೀ ಕುಡೀತಿದ್ದಾಗ ನಮ್ಮ ಪಕ್ಕದೂರಿನ ಹುಡುಗ ಒಬ್ಬ ಮೊಬೈಲ್ ತೋರಿಸಿದ. ಅಮೆರಿಕದಲ್ಲಿ ಯಾರೋ ದೋಣಿ ಹೊರೋ ಟ್ರೇಲರನ್ನ ಕೆರೆಗೆ ಹಿಮ್ಮುಖವಾಗಿ ಇಳಿಸಿ, ದೋಣಿ ನೀರಿಗೆ ಬಿಡ್ತಾನೆ. ಚಕ್ರ ಪೂರ್ತಿ ಮುಳುಗುತ್ತೆ. ಅಂಥ ಟ್ರೇಲರ್ ಬ್ರೇಕಿಗೆ ಸಿಲಿಕಾನ್ ಆಯಿಲ್ಲೇ ಹಾಕಬೇಕು, ಅದು ನೀರು ಹೀರಲ್ಲ ಅಂತ ವಿಡಿಯೊ. "ಅಣ್ಣ, ನಾವೂ ಪಿಕಪ್‌ನ ಕೆರೇಲಿ ಇಳಿಸಿ ತೊಳೀತೀವಲ್ಲ, ಅದೇ ಹಾಕ್ಸೋಣ್ವಾ?" ಅಂದ. ಬೇಡ ಕಣಪ್ಪ ಅಂದೆ. ಯಾಕೆ ಅಂತ ಅಲ್ಲಿ ಹೇಳೋಕೆ ಪುರುಸೊತ್ತಿರಲಿಲ್ಲ, ಇಲ್ಲಿ ಬರೀತಿದ್ದೀನಿ.

ಮೊದಲು ನನ್ನ ಕಥೆ. ಎರಡು ವರ್ಷದ ಹಿಂದೆ ಸಂಗಮದಲ್ಲಿ ನಮ್ಮ ಸಂಬಂಧಿಕರ ಹರಕೆ ಊಟ. ಪಾತ್ರೆ, ಅಕ್ಕಿ, ಸೌದೆ ಎಲ್ಲಾ ನನ್ನ ಪಿಕಪ್‌ನಲ್ಲಿ, ಜೊತೆಗೆ ಹಿಂದೆ ಆರು ಜನ. ಗೂಡ್ಸ್ ಗಾಡೀಲಿ ಜನ ಕೂರಿಸಬಾರದು ಅಂತ ಗೊತ್ತು, ತಪ್ಪೇ, ಒಪ್ಕೋತೀನಿ. ದೊಡ್ಡಾಲಹಳ್ಳಿ ದಾಟಿ ಕಾಡಿನ ಇಳಿಜಾರಲ್ಲಿ ತಿರುವಿಗೊಂದು ಸಲ ಬ್ರೇಕ್ ಒತ್ತುತ್ತಾ ಇಳೀತಿದ್ದೆ. ಮೂರನೇ ಗೇರಲ್ಲಿ, ಅದು ಎರಡನೇ ತಪ್ಪು. ಅರ್ಧ ದಾರೀಲಿ ಪೆಡಲ್ ಮೆತ್ತಗಾಯ್ತು. ಮುಂದಿನ ತಿರುವಿಗೆ ನೆಲಕ್ಕೇ ಹೋಯ್ತು. ಎರಡನೇ ಗೇರು, ಮೊದಲನೇ ಗೇರು, ಹ್ಯಾಂಡ್ ಬ್ರೇಕು, ಕೊನೆಗೆ ಎಡಗಡೆ ದಿಣ್ಣೆಗೆ ಉಜ್ಜಿ ನಿಲ್ಲಿಸಿದೆ. ಯಾರಿಗೂ ಏನೂ ಆಗ್ಲಿಲ್ಲ. ಹಿಂದೆ ಕೂತಿದ್ದ ಅತ್ತೆ ಮಾತ್ರ ಇವತ್ತಿಗೂ ನನ್ನ ಗಾಡಿ ಹತ್ತಲ್ಲ.

ವಿಚಿತ್ರ ಅಂದ್ರೆ ಮುಕ್ಕಾಲು ಗಂಟೆ ಕಾದ ಮೇಲೆ ಪೆಡಲ್ ತಾನಾಗೇ ಗಟ್ಟಿಯಾಯ್ತು. ಎಲ್ಲೂ ಲೀಕ್ ಇಲ್ಲ, ಡಬ್ಬಿಯಲ್ಲಿ ಆಯಿಲ್ ತುಂಬಿತ್ತು. ಮರುದಿನ ಬೇರೆ ಮೆಕ್ಯಾನಿಕ್ ಹತ್ರ ತೋರಿಸಿದಾಗ ಅರ್ಥ ಆಯ್ತು. ಒಳಗಿನ ಆಯಿಲ್ ಕುದ್ದಿತ್ತು.

ನಮ್ಮ ಗಾಡಿಗಳಿಗೆ ಹಾಕೋ ಡಾಟ್ 3, ಡಾಟ್ 4 ಆಯಿಲ್ ಗಾಳೀಲಿರೋ ತೇವ ಹೀರುತ್ತೆ. ಮಳೆಗಾಲಕ್ಕೆ ಹೊರಗಿಟ್ಟ ಉಪ್ಪಿನ ಹಾಗೆ. ರಬ್ಬರ್ ಪೈಪಿನ ಮೂಲಕ, ಮುಚ್ಚಳದ ಸಣ್ಣ ತೂತಿನ ಮೂಲಕ ಸ್ವಲ್ಪ ಸ್ವಲ್ಪವೇ ಒಳಗೆ ಸೇರುತ್ತೆ. ಹೊಸ ಡಾಟ್ 3 ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು. ನೂರಕ್ಕೆ ಸುಮಾರು 3.7 ಪಾಲು ನೀರು ಸೇರಿದ್ರೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4 ಆದ್ರೆ ಹೊಸದಕ್ಕೆ 230, ತೇವ ಹಿಡಿದ ಮೇಲೆ 155. ಲೋಡ್ ಹಾಕ್ಕೊಂಡು ಇಳಿಜಾರಲ್ಲಿ ಬ್ರೇಕ್ ತುಳೀತಾ ಹೋದ್ರೆ ಆ ಬಿಸಿ ಮುಟ್ಟೋದು ಕಷ್ಟವೇನಲ್ಲ. ಕುದ್ದಾಗ ಪೈಪಲ್ಲಿ ಆವಿ ಗುಳ್ಳೆ ಆಗುತ್ತೆ. ಆಯಿಲ್ ಅದುಮಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ನೀವು ತುಳಿಯೋದೆಲ್ಲ ಆ ಗುಳ್ಳೆ ನುಂಗುತ್ತೆ, ಚಕ್ರಕ್ಕೆ ಏನೂ ತಲುಪಲ್ಲ.

ನನ್ನ ಗಾಡಿಗೆ ಆಯಿಲ್ ಪೂರ್ತಿ ಬದಲಾಯಿಸಿ ಐದು ವರ್ಷ ಆಗಿತ್ತು. ಆದ್ರೆ 'ಟಾಪ್ ಅಪ್' ಮಾತ್ರ ಪ್ರತಿ ಸರ್ವೀಸಲ್ಲೂ ಆಗ್ತಿತ್ತು. ನಾನು ಹೋಗ್ತಿದ್ದ ಗ್ಯಾರೇಜಲ್ಲಿ ಒಂದು ದೊಡ್ಡ ಡಬ್ಬ, ಬಾಯಿಗೆ ಬಟ್ಟೆ ತುರುಕಿ ಇಟ್ಟಿರೋರು. ಅದು ತೆರೆದು ಎಷ್ಟು ತಿಂಗಳಾಗಿತ್ತೋ ದೇವರಿಗೇ ಗೊತ್ತು. ಅಂದ್ರೆ ತೇವ ಹಿಡಿದ ಆಯಿಲ್‌ಗೆ ತೇವ ಹಿಡಿದ ಆಯಿಲ್ಲನ್ನೇ ಸೇರಿಸ್ತಿದ್ರು, ನಾನು ದುಡ್ಡು ಕೊಟ್ಟು ಬರ್ತಿದ್ದೆ. ಇನ್ನೊಂದು ವಿಷಯ: ಆಯಿಲ್ ಮಟ್ಟ ಇಳಿಯೋದು ಪ್ಯಾಡ್, ಲೈನರ್ ಸವೆದಾಗ ಅಥವಾ ಎಲ್ಲೋ ಸೋರಿದಾಗ. ಬರೀ ತುಂಬಿಸ್ತಾ ಹೋದ್ರೆ ಆ ಸುಳಿವನ್ನೇ ಮುಚ್ಚಿದ ಹಾಗಾಗುತ್ತೆ.

ಈಗ ಸಿಲಿಕಾನ್ ವಿಚಾರ. ಅದಕ್ಕೆ ಡಾಟ್ 5 ಅಂತಾರೆ. ನೀರು ಹೀರಲ್ಲ ಅನ್ನೋದು ನಿಜ. ಆದ್ರೆ ಒಳಗೆ ಹೋದ ನೀರು ಎಲ್ಲಿಗೆ ಹೋಗುತ್ತೆ? ಆಯಿಲ್ ಜೊತೆ ಬೆರೆಯದೆ ಹನಿಯಾಗಿ ತಗ್ಗಿನ ಜಾಗಕ್ಕೆ, ಅಂದ್ರೆ ಚಕ್ರದ ಹತ್ತಿರದ ಸಿಲಿಂಡರಿಗೇ ಇಳಿದು ಕೂರುತ್ತೆ. ಅಲ್ಲೇ ತುಕ್ಕು, ಅಲ್ಲೇ 100 ಡಿಗ್ರಿಗೆ ಕುದಿ. ಪೆಡಲ್ ಕೂಡ ಸ್ವಲ್ಪ ಮೆತ್ತಗೇ ಇರುತ್ತೆ. ಎಲ್ಲಕ್ಕಿಂತ ಮುಖ್ಯ, ಹಳೇ ಡಾಟ್ 3 ಅಥವಾ 4 ಇರೋ ಗಾಡಿಗೆ ಅದನ್ನ ಬೆರೆಸಲೇಬಾರದು. ದೋಣಿ ಟ್ರೇಲರಿನವರಿಗೆ ಅವರ ಲೆಕ್ಕ ಇರಬಹುದು, ತಿಂಗಳುಗಟ್ಟಲೆ ನಿಂತಿರೋ ಗಾಡಿ ಅದು. ನಮ್ಮದು ದಿನಾ ಬೆಳಗಿನ ಜಾವ ಕನಕಪುರ ರಸ್ತೇಲಿ ಲೋಡ್ ಹೊತ್ತು ಬನಶಂಕರಿ, ಜಯನಗರದ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗೋದು. ಕೆರೇಲಿ ತೊಳೆಯೋದ್ರಿಂದ ಹಾಳಾಗೋದು ಹೊರಗಿನ ಡ್ರಮ್ಮು, ಸ್ಪ್ರಿಂಗು. ಅದಕ್ಕೆ ಯಾವ ಆಯಿಲ್ ಹಾಕಿದ್ರೂ ಪ್ರಯೋಜನ ಇಲ್ಲ. (ಕೆರೇಲಿ ತೊಳೆಯೋದನ್ನೇ ಬಿಡಿ ಅಂತ ಬೇರೆ ಬರೀಬೇಕು, ದನ ನೀರು ಕುಡಿಯೋ ಜಾಗ ಅದು.)

ಹೆಸರಲ್ಲೂ ಒಂದು ಮೋಸ ಇದೆ. ಡಾಟ್ 5.1 ಅನ್ನೋದು ಸಿಲಿಕಾನ್ ಅಲ್ಲ, ಅದು 3 ಮತ್ತು 4ರ ಜಾತೀದೇ. ಅಂಗಡೀಲಿ "ಐದು ಕೊಡಿ" ಅಂದು ತಂದು ಎಡವಟ್ಟು ಮಾಡ್ಕೋಬೇಡಿ. ಆಯಿಲ್ ಡಬ್ಬಿ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಕಂಪನಿಯವರೇ ಬರೆದಿರ್ತಾರೆ. ಅಷ್ಟೇ ತನ್ನಿ. 3 ಅಂತ ಇರೋ ಕಡೆ 4 ಹಾಕಿದ್ರೆ ತೊಂದರೆ ಇಲ್ಲ, ನಾನು ಹಾಗೇ ಮಾಡಿದ್ದೀನಿ. ತುರ್ತಿಗೆ ಅಂತ ಎಂಜಿನ್ ಆಯಿಲ್, ಹೈಡ್ರಾಲಿಕ್ ಆಯಿಲ್ ಸುರಿಯೋರನ್ನೂ ನೋಡಿದ್ದೀನಿ. ಒಳಗಿನ ರಬ್ಬರ್ ವಾಷರ್ ಎಲ್ಲಾ ಊದಿಕೊಂಡು ಬ್ರೇಕ್ ಹಿಡ್ಕೊಳ್ಳುತ್ತೆ, ಆಮೇಲೆ ಪೂರ್ತಿ ಕಿಟ್ ಬದಲಾಯಿಸಬೇಕು. ಟ್ರ್ಯಾಕ್ಟರ್ ಲೆಕ್ಕ ಬೇರೆ. ಆಯಿಲ್ ಬ್ರೇಕ್ ಅಂತ ನಾವು ಕರೆಯೋದು ಬಹುಪಾಲು ಗೇರ್ ಬಾಕ್ಸಿನ ಆಯಿಲಲ್ಲೇ ಮುಳುಗಿರೋ ಬ್ರೇಕು, ಅದಕ್ಕೆ ಈ ಡಾಟ್ ಆಯಿಲ್ ಸೇರಿಸೋ ಹಾಗಿಲ್ಲ. ಇನ್ನು ನಮ್ಮ ಟ್ರಾಲಿಗಳಿಗೆ ಬ್ರೇಕೇ ಇಲ್ಲ, ಆಯಿಲ್ ಮಾತೆಲ್ಲಿ ಬಂತು.

ನಾನೀಗ ಮಾಡೋದು ಇಷ್ಟು. ಅರ್ಧ ಲೀಟರಿನ ಎರಡು ಸೀಲ್ ಡಬ್ಬ ನಾನೇ ತಗೊಂಡು ಹೋಗ್ತೀನಿ. ಕಣ್ಣೆದುರೇ ಸೀಲ್ ಒಡೆಸಿ, ದೂರದ ಚಕ್ರದಿಂದ ಶುರು ಮಾಡಿ ನಾಲ್ಕೂ ಕಡೆ ಹೊಸ ಆಯಿಲ್ ಬರೋವರೆಗೂ ಹಳೇದನ್ನ ಗಾಳಿ ಸಮೇತ ತೆಗೆಸ್ತೀನಿ. ಉಳಿದಿದ್ದನ್ನ ಇಟ್ಕೊಳ್ಳಲ್ಲ. ಬಣ್ಣದ ಮೇಲೆ ಬಿದ್ರೆ ಪೇಂಟ್ ಕಿತ್ತು ಬರುತ್ತೆ, ತಕ್ಷಣ ನೀರು ಹಾಕಿ ತೊಳೀರಿ. ಎರಡು ವರ್ಷಕ್ಕೊಂದು ಸಲ, ಅಷ್ಟೆ. ಖರ್ಚು ಒಂದು ಜೊತೆ ಟೈರಿನ ಮುಂದೆ ಏನೂ ಅಲ್ಲ. ಆದ್ರೂ ನಾವು ಟೈರ್ ನೋಡ್ತೀವಿ, ಇದನ್ನ ನೋಡಲ್ಲ, ಯಾಕಂದ್ರೆ ಕಣ್ಣಿಗೆ ಕಾಣಲ್ಲ.

ತೇವ ನೋಡೋ ಪೆನ್ನಿನಂಥ ಟೆಸ್ಟರ್ ಒಂದು ಜೆ.ಸಿ. ರಸ್ತೇಲಿ ತಂದಿದ್ದೀನಿ, ಮುಚ್ಚಳ ತೆಗೆದು ಅದ್ದಿದ್ರೆ ದೀಪ ಹತ್ತುತ್ತೆ. ಭಾನುವಾರ ಬೆಳಗ್ಗೆ ಐದೂವರೆಯಿಂದ ಏಳರವರೆಗೂ ಸಾರಕ್ಕಿಯಲ್ಲಿ ಸೊಪ್ಪಿನ ಸಾಲಿನ ಕಡೆ ಇರ್ತೀನಿ. ಗಾಡಿ ತಂದೋರು ಬಾನೆಟ್ ಎತ್ತಿ, ನೋಡಿ ಹೇಳ್ತೀನಿ. ಆ ಹುಡುಗನ ಗಾಡಿ ಮೊದಲು.