ಕಾಲ ಕಳೆದರೆ ಪ್ರಾಯಶ್ಚಿತ್ತವಾಯಿತೆ?

ವೈದ್ಯನಿಂದ ಕೇಡುಂಟಾದರೆ ಮನುಷ್ಯನು ದೂರು ಹೇಳಬಲ್ಲನು. ಕಟಕಟೆಯೇರಿ ಸಾಕ್ಷಿ ನುಡಿಯಬಲ್ಲನು. ಪಶುವಿಗೆ ಆ ಭಾಗ್ಯವಿಲ್ಲ. ತನ್ನ ಮೈಮೇಲೆ ನಡೆದ ತಪ್ಪಿಗೆ ಅದು ಮೂಕ ಸಾಕ್ಷಿ ಮಾತ್ರ. ಆದ್ದರಿಂದ ನೋಂದಣಿ ಪುಸ್ತಕದಿಂದ ತೆಗೆದುಹಾಕಲ್ಪಟ್ಟ ಪಶುವೈದ್ಯನ ಹೆಸರನ್ನು ಮರಳಿ ಬರೆಯಬೇಕೆ, ಬರೆಯುವುದಾದರೆ ಯಾವ ಆಧಾರದ ಮೇಲೆ, ಎಂಬ ಪ್ರಶ್ನೆಯನ್ನು ಆ ವೃತ್ತಿಯವರಿಗಷ್ಟೇ ಬಿಟ್ಟು ಸುಮ್ಮನಿರುವುದು ಜೀವದಯೆಯನ್ನು ನಂಬಿದ ಸಮಾಜಕ್ಕೆ ತರವಲ್ಲ.

ಬ್ರಿಟನ್ನಿನ ವ್ಯವಸ್ಥೆಯನ್ನು ನೋಡೋಣ. 1844ರಲ್ಲಿ ರಾಜಸನ್ನದಿನಿಂದ ಸ್ಥಾಪಿತವಾದ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಅಲ್ಲಿನ ಪಶುವೈದ್ಯರ ನೋಂದಣಿಯನ್ನು ನಿರ್ವಹಿಸುತ್ತದೆ. 1966ರ ಕಾಯಿದೆಯಂತೆ ಅದರ ಶಿಸ್ತು ಸಮಿತಿಯು ಮೂರು ಕಾರಣಗಳಿಗಾಗಿ ಹೆಸರನ್ನು ತೆಗೆಯಬಹುದು: ವೃತ್ತಿಗೆ ಅನರ್ಹಗೊಳಿಸುವಂತಹ ಅಪರಾಧವು ನ್ಯಾಯಾಲಯದಲ್ಲಿ ಸಾಬೀತಾಗಿದ್ದರೆ, ವೃತ್ತಿಯಲ್ಲಿ ಲಜ್ಜಾಸ್ಪದವಾಗಿ ನಡೆದುಕೊಂಡಿದ್ದರೆ, ಅಥವಾ ವಂಚನೆಯಿಂದ ಹೆಸರು ಬರೆಸಿಕೊಂಡಿದ್ದರೆ. ತೀರ್ಪನ್ನು ಒಪ್ಪದವರು 28 ದಿನಗಳೊಳಗೆ ಪ್ರಿವಿ ಕೌನ್ಸಿಲ್ಲಿಗೆ ಮೇಲ್ಮನವಿ ಸಲ್ಲಿಸಬಹುದು. ಹೆಸರು ಹೋದ ಮೇಲೆ ಪಶುವೈದ್ಯನೆಂದು ಕರೆದುಕೊಳ್ಳುವುದೂ ಅಪರಾಧ. ಆದರೆ 10 ತಿಂಗಳು ಕಳೆದರೆ ಮರುನೋಂದಣಿಗೆ ಅರ್ಜಿ ಹಾಕಬಹುದು. ಅದು ತಿರಸ್ಕೃತವಾದರೆ ಇನ್ನೂ 10 ತಿಂಗಳ ನಂತರ ಮತ್ತೊಂದು ಅರ್ಜಿ.

ಅದೇ ದೇಶದಲ್ಲಿ ಮನುಷ್ಯರಿಗೆ ಚಿಕಿತ್ಸೆ ಮಾಡುವ ವೈದ್ಯನ ಹೆಸರು ಅಳಿಸಿಹೋದರೆ ಅವನು 5 ವರ್ಷ ಕಾಯದೆ ಅರ್ಜಿ ಹಾಕುವಂತಿಲ್ಲ. ಮನುಷ್ಯನ ವೈದ್ಯನಿಗೆ 60 ತಿಂಗಳು, ಪಶುವಿನ ವೈದ್ಯನಿಗೆ 10 ತಿಂಗಳು! ವ್ಯಾಪಾರಿಯೊಬ್ಬನು ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿ ಇಟ್ಟರೆ ಜನರು ಏನೆಂದಾರು? ನೋವು ಒಂದೇ, ಪ್ರಾಣ ಒಂದೇ. ತೂಕದ ಕಲ್ಲು ಮಾತ್ರ ಬೇರೆ. 10 ತಿಂಗಳೆಂಬುದು ಅರ್ಜಿಗಿರುವ ಕನಿಷ್ಠ ಅವಧಿಯೇ ಹೊರತು ಹೆಸರು ಮರಳುವ ಭರವಸೆಯಲ್ಲ ಎಂಬ ಸಮರ್ಥನೆ ಉಂಟು. ಅದು ನಿಜ. ಆದರೂ ಅವಧಿಯನ್ನು ನಿಗದಿಮಾಡುವಾಗಲೇ ಕಾನೂನು ತಪ್ಪಿನ ತೂಕವನ್ನು ಹೇಳಿಬಿಡುತ್ತದೆ.

ಇದನ್ನು ಕಂಡು ರೋಷಗೊಂಡವರು ಇನ್ನೊಂದು ತುದಿಗೆ ಹೋಗುತ್ತಾರೆ: ಒಮ್ಮೆ ಹೋದ ಹೆಸರು ಮತ್ತೆಂದೂ ಮರಳಬಾರದು ಎನ್ನುತ್ತಾರೆ. ಈ ಮಾತು ಕಠಿಣವಾಗಿ ಕೇಳಿಸುತ್ತದೆ, ಆದರೆ ಪಶುವಿಗೆ ಇದರಿಂದ ಹಿತವಿಲ್ಲ. ಹಿಂದಿರುಗುವ ದಾರಿಯೇ ಇಲ್ಲವೆಂದರೆ ತಪ್ಪನ್ನು ಒಪ್ಪಿಕೊಳ್ಳುವವರು ಯಾರು? ಎಲ್ಲರೂ ಮುಚ್ಚಿಡುವುದನ್ನೇ ಕಲಿಯುತ್ತಾರೆ. ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದಾದರೆ ಹಾಳೆಯನ್ನು ಹರಿಯುವುದಿಲ್ಲ, ಉಜ್ಜಿ ಅಳಿಸುವುದೂ ಇಲ್ಲ. ತಪ್ಪು ಕಾಣುವಂತೆಯೇ ಬಿಟ್ಟು ಸರಿಪಡಿಸುವ ನಮೂದನ್ನು ಬರೆಯುತ್ತಾರೆ. ಮರುನೋಂದಣಿಯೂ ಹಾಗೆಯೇ ಇರಬೇಕು.

ಶಿಸ್ತು ಸಮಿತಿಯು ಅರ್ಜಿಯನ್ನು ವಿಚಾರಿಸುವಾಗ ಗಮನಿಸುವ ವಿಷಯಗಳು ವಿವೇಕಪೂರ್ಣವಾಗಿಯೇ ಇವೆ. ಅರ್ಜಿದಾರನು ಹಿಂದಿನ ತೀರ್ಪನ್ನು ಒಪ್ಪಿಕೊಂಡಿದ್ದಾನೆಯೆ, ತಪ್ಪು ಎಷ್ಟು ಗಂಭೀರ, ಹೆಸರು ಹೋಗಿ ಎಷ್ಟು ಕಾಲವಾಯಿತು, ಆಮೇಲೆ ಅವನ ನಡತೆ ಹೇಗಿದೆ, ಜ್ಞಾನವನ್ನೂ ಕೌಶಲವನ್ನೂ ಉಳಿಸಿಕೊಂಡಿದ್ದಾನೆಯೆ, ಅವನು ಮರಳಿದರೆ ಪಶುಗಳ ಹಿತಕ್ಕೂ ಜನರ ರಕ್ಷಣೆಗೂ ಧಕ್ಕೆಯಿಲ್ಲವೆ? ಅವನ ಕಷ್ಟನಷ್ಟಗಳನ್ನೂ ಕೇಳುತ್ತಾರೆ. ಇಲ್ಲಿಯೇ ಎಚ್ಚರ ಬೇಕು. ಹೆಂಡತಿ ಮಕ್ಕಳ ಪಾಡು, ಮನೆಯ ಸಾಲ ಇವು ಕರುಣೆಗೆ ಪಾತ್ರವಾದ ಸಂಗತಿಗಳು. ಆದರೆ ಅವು ಅರ್ಹತೆಯ ಪುರಾವೆಗಳಲ್ಲ. ಬಡತನವು ಕೈಯನ್ನು ಶುದ್ಧಮಾಡುವುದಿಲ್ಲ.

ಒಂದು ನಿದರ್ಶನ ಸಾಕು. ದನಗಳ ಕ್ಷಯರೋಗದ ಚರ್ಮಪರೀಕ್ಷೆಯಲ್ಲಿ ಚುಚ್ಚುಮದ್ದು ಕೊಟ್ಟು, 72 ಗಂಟೆಗಳ ನಂತರ ಬಾವನ್ನು ಅಳೆದು ಬರೆಯಬೇಕು. ಅಳೆಯದೆ ಅಂಕಿ ಬರೆದು ಸಹಿ ಹಾಕಿದವನು ಯಾವ ದನವನ್ನೂ ಹೊಡೆದಿಲ್ಲ, ಸರಿ. ಆದರೆ ಆ ಸಹಿಯನ್ನು ನಂಬಿ ಹಿಂಡಿಗೆ ಹಿಂಡೇ ರೋಗಕ್ಕೆ ತುತ್ತಾಗಬಹುದು. ಇಂಥವನು ಹತ್ತು ಉಪನ್ಯಾಸಗಳನ್ನು ಕೇಳಿ ಬಂದೆನೆಂದರೆ ಏನು ಪ್ರಯೋಜನ? ಅವನಲ್ಲಿ ಕೆಟ್ಟದ್ದು ವಿದ್ಯೆಯಲ್ಲ, ಸತ್ಯ.

ಕಾಯಿದೆಯ ದೊಡ್ಡ ಕೊರತೆ ಬೇರೆಡೆ ಇದೆ. ಸಮಿತಿಯು ಹೆಸರನ್ನು ಪೂರ್ತಿಯಾಗಿ ಮರಳಿಸಬೇಕು, ಇಲ್ಲವೆ ನಿರಾಕರಿಸಬೇಕು. ಒಂದು ವರ್ಷ ಹಿರಿಯರೊಬ್ಬರ ಕಣ್ಣಳತೆಯಲ್ಲಿ ಕೆಲಸಮಾಡು, ಇಂಥ ಔಷಧಿಗಳನ್ನು ಮುಟ್ಟಬೇಡ ಎಂಬ ಷರತ್ತಿನ ನೋಂದಣಿಗೆ 1966ರ ಕಾಯಿದೆಯಲ್ಲಿ ಎಡೆಯಿಲ್ಲ. ಅಂತಹ ಅಧಿಕಾರ ಬೇಕೆಂದು ಆ ಸಂಸ್ಥೆಯೇ ಕೇಳಿದೆ. ಇದರ ಫಲವಾಗಿ ವರ್ಷಗಟ್ಟಲೆ ಶಸ್ತ್ರ ಹಿಡಿಯದವನು ನಿನ್ನೆ ಹೊರಗಿದ್ದು ಇಂದು ಪೂರ್ಣಾಧಿಕಾರಿಯಾಗುತ್ತಾನೆ. ಇಲ್ಲವೆ ನಿಜವಾಗಿ ತಿದ್ದಿಕೊಂಡವನೂ ಸಂಶಯದ ಕಾರಣ ಹೊರಗೇ ಉಳಿಯುತ್ತಾನೆ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಪ್ರಾಯಶ್ಚಿತ್ತವನ್ನು ಒಂಬತ್ತು ಬಗೆಯಾಗಿ ವಿಂಗಡಿಸಿದೆ. ಆಲೋಚನಾ ಎಂಬ ತಪ್ಪೊಪ್ಪಿಗೆಯೇ ಮೊದಲನೆಯದು. ಅದಿಲ್ಲದೆ ಮುಂದಿನ ಮೆಟ್ಟಿಲಿಲ್ಲ. ಛೇದದಲ್ಲಿ ದೀಕ್ಷೆಯ ಹಿರಿತನ ಕಡಿತವಾಗುತ್ತದೆ, ಪರಿಹಾರದಲ್ಲಿ ಸಂಘದಿಂದ ನಿಯತಕಾಲ ದೂರವಿರಬೇಕಾಗುತ್ತದೆ, ಉಪಸ್ಥಾಪನೆಯಲ್ಲಿ ಮರಳಿ ದೀಕ್ಷೆ. ಹಿಂದಿರುಗಿದವನು ಮೊದಲಿನ ಹಿರಿತನಕ್ಕೆ ಮರಳುವುದಿಲ್ಲ, ಹೊಸಬನಂತೆ ಆರಂಭಿಸುತ್ತಾನೆ. ಬಾಗಿಲು ತೆರೆದಿದೆ, ಆದರೆ ಹೊಸ್ತಿಲು ಎತ್ತರವಾಗಿದೆ. ಈ ತಾರತಮ್ಯಜ್ಞಾನ ಆಧುನಿಕ ಕಾನೂನಿಗೂ ಬೇಕು.

ನಮ್ಮ ದೇಶದಲ್ಲಿಯೂ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆ ಜಾರಿಯಲ್ಲಿದೆ. ರಾಜ್ಯಗಳಲ್ಲಿ ಪರಿಷತ್ತುಗಳಿವೆ, ನೋಂದಣಿ ಪುಸ್ತಕಗಳಿವೆ. ಗೋಶಾಲೆ, ಪಾಂಜರಪೋಳ, ಪಕ್ಷಿಚಿಕಿತ್ಸಾಲಯಗಳನ್ನು ನಡೆಸುವ ಎಷ್ಟು ಟ್ರಸ್ಟುಗಳು ತಮ್ಮ ವೈದ್ಯರ ನೋಂದಣಿಯನ್ನು ವಿಚಾರಿಸುತ್ತವೆ? ಮೇವಿನ ಲೆಕ್ಕಕ್ಕೆ ರಸೀದಿ ಕೇಳುವ ಕಾರ್ಯದರ್ಶಿಯು ಸೂಜಿ ಹಿಡಿದ ಕೈಗೆ ರಸೀದಿ ಕೇಳಬಾರದೆ? ದಾನಿಗಳ ಹಣಕ್ಕೆ ಲೆಕ್ಕಪರಿಶೋಧಕರಿದ್ದಾರೆ. ಮೂಕಪ್ರಾಣಿಯ ನೋವಿಗೆ ಲೆಕ್ಕ ಕೇಳುವವರು ಧರ್ಮದರ್ಶಿಗಳೇ. ತಪ್ಪಿ ತಿದ್ದಿಕೊಂಡ ವೈದ್ಯನು ಬಂದರೆ ಅವನನ್ನು ಅವಮಾನಿಸದೆ, ಹಿರಿಯ ವೈದ್ಯರ ಕೈಕೆಳಗೆ ಇರಿಸಿಕೊಳ್ಳಲಿ. ಆದರೆ ಪಂಚಾಂಗದ ಹಾಳೆ ತಿರುವಿದ ಮಾತ್ರಕ್ಕೆ ಪಾಪ ಕಳೆಯಿತೆಂದು ಯಾರೂ ತಿಳಿಯದಿರಲಿ. ಕಾಲವು ಗಾಯವನ್ನು ಮಾಯಿಸಬಹುದು. ನಡತೆಯನ್ನು ತಿದ್ದಬೇಕಾದವನು ಮನುಷ್ಯನೇ.