ಸದ್ದಿನೊಳಗೊಂದು ಸೊಲ್ಲು

"ಇದೇನು ಹಾಡೋ, ಜಗಳವೋ?"

ಒಳಕೋಣೆಯಿಂದ ರ‍್ಯಾಪ್ ಸದ್ದು ಕೇಳಿದೊಡನೆ ಅಡುಗೆಮನೆಯಿಂದ ಹೊರಡುವ ಮೊದಲ ಪ್ರಶ್ನೆ ಇದು. ರಾಗವಿಲ್ಲ, ಆಲಾಪವಿಲ್ಲ; ಢಬ್ ಢಬ್ ಎನ್ನುವ ತಾಳದ ಮೇಲೆ ಯಾರೋ ಒಬ್ಬ ಉಸಿರು ಬಿಡದೆ ಮಾತಾಡುತ್ತಿದ್ದಾನೆ. ಮಗನನ್ನು ಕೇಳಿದರೆ "ನಿಮಗೆ ಅರ್ಥವಾಗೊಲ್ಲ ಬಿಡಿ" ಎಂದು ಬಾಗಿಲು ಹಾಕಿಕೊಳ್ಳುತ್ತಾನೆ. ಈ ವಾರದ ಅಂಕಣ ಆ ಬಾಗಿಲಿನ ಎರಡೂ ಬದಿಯಲ್ಲಿ ನಿಂತವರಿಗೆ. 2025ರಲ್ಲಿ ಬ್ರಿಟನ್ನಿನಿಂದ ಬಂದ ಕೆಲವು ರ‍್ಯಾಪ್ ಆಲ್ಬಂಗಳನ್ನು ಪರಿಚಯಿಸುವುದು ಇದರ ಉದ್ದೇಶ. ಅದಕ್ಕೆ ಮೊದಲು ಸ್ವಲ್ಪ ಹಿನ್ನೆಲೆ.

ರ‍್ಯಾಪ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅಮೆರಿಕ. ತಪ್ಪೇನಲ್ಲ. 1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಒಂದು ವಸತಿ ಕಟ್ಟಡದಲ್ಲಿ ನಡೆದ ಪಾರ್ಟಿಯನ್ನೇ ಹಿಪ್ ಹಾಪ್‌ನ ಹುಟ್ಟುಹಬ್ಬವೆಂದು ಲೆಕ್ಕ ಹಿಡಿಯುತ್ತಾರೆ. ಅದನ್ನು ಏರ್ಪಡಿಸಿದ್ದು ಒಬ್ಬ ಹುಡುಗಿ. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ಹಣ ಹೊಂದಿಸಿಕೊಳ್ಳುವುದಕ್ಕೆ! ಅಲ್ಲಿ ಗ್ರಾಮಫೋನ್ ತಟ್ಟೆ ತಿರುಗಿಸಿದವನು ಅವಳ ಅಣ್ಣ ಕೂಲ್ ಹರ್ಕ್, ಜಮೈಕಾದಲ್ಲಿ ಹುಟ್ಟಿದವನು. ಅದೇ ಜಮೈಕಾದಿಂದ 1948ರ ನಂತರ ಸಾವಿರಾರು ಕುಟುಂಬಗಳು ಬ್ರಿಟನ್ನಿಗೂ ಹೋಗಿ ನೆಲೆಸಿದ್ದವು. ಆಳೆತ್ತರದ ಸ್ಪೀಕರುಗಳನ್ನು ಪೇರಿಸಿ, ತಟ್ಟೆ ಹಾಕಿ, ಅದರ ಮೇಲೆ ಮೈಕಿನಲ್ಲಿ ಮಾತು ಹೊಸೆಯುವ 'ಸೌಂಡ್ ಸಿಸ್ಟಂ' ಪದ್ಧತಿಯೂ ಅವರೊಡನೆ ಲಂಡನ್ನಿಗೆ ಬಂತು. ಹೀಗಾಗಿ ಬ್ರಿಟನ್ನಿನ ರ‍್ಯಾಪ್ ಅಮೆರಿಕದ ಮಗನಲ್ಲ, ದಾಯಾದಿ.

ನಾಲಗೆ ಯಾರದು?

ಆದರೂ 1980ರ ದಶಕದಲ್ಲಿ ಬ್ರಿಟನ್ನಿನ ಹುಡುಗರಲ್ಲಿ ಹಲವರು ಮೈಕ್ ಹಿಡಿದ ಕೂಡಲೇ ನ್ಯೂಯಾರ್ಕಿನವರಾಗಿಬಿಡುತ್ತಿದ್ದರು. ಮನೆಯಲ್ಲಿ ಒಂದು ಉಚ್ಚಾರ, ಹಾಡಿನಲ್ಲಿ ಇನ್ನೊಂದು. ಈ ಸೋಗನ್ನು ಕಳಚಿದವರಲ್ಲಿ ಮುಖ್ಯರು 'ಲಂಡನ್ ಪಾಸಿ' ತಂಡದವರು. 1990ರಲ್ಲಿ ಬಂದ ಅವರ 'ಗ್ಯಾಂಗ್‌ಸ್ಟರ್ ಕ್ರಾನಿಕಲ್' ಆಲ್ಬಂನಲ್ಲಿ ಲಂಡನ್ನಿನ ಬೀದಿ ಇಂಗ್ಲಿಷ್, ಜಮೈಕಾದ ವರಸೆಯೊಡನೆ ಬೆರೆತು, ನಾಚಿಕೆಯಿಲ್ಲದೆ ಹೊರಬಂತು.

1999ರಲ್ಲಿ ರೂಟ್ಸ್ ಮನೂವ ಎಂಬಾತ 'ಬ್ರ್ಯಾಂಡ್ ನ್ಯೂ ಸೆಕೆಂಡ್ ಹ್ಯಾಂಡ್' ಎಂಬ ಆಲ್ಬಂ ತಂದ. ಹೆಸರಿನ ಅರ್ಥ 'ಹೊಚ್ಚ ಹೊಸ ಹಳೆಯದು'. ಬೇರೆಯವರು ಬಳಸಿ ಬಿಟ್ಟ ವಸ್ತುವನ್ನು ಉಡುಗೊರೆಯಾಗಿ ಕೊಡುವಾಗ ಅವನ ತಾಯಿ ಹೇಳುತ್ತಿದ್ದ ಮಾತಂತೆ ಅದು. ಅಣ್ಣನ ಪಠ್ಯಪುಸ್ತಕಕ್ಕೆ ಹೊಸ ರಟ್ಟು ಹಾಕಿಸಿಕೊಂಡು ಶಾಲೆಗೆ ಹೋದ ಯಾರಿಗೂ ಈ ಹೆಸರಿಗೆ ಟಿಪ್ಪಣಿ ಬೇಕಿಲ್ಲ. 2001ರ 'ವಿಟ್ನೆಸ್' ಎಂಬ ಅವನ ಹಾಡಿನಲ್ಲಿ ಐಷಾರಾಮಿ ಕಾರು, ಚಿನ್ನದ ಸರಗಳ ಬದಲು ಸುಟ್ಟ ಬ್ರೆಡ್ಡಿನ ಮೇಲಿನ ಚೀಸ್ ಬರುತ್ತದೆ. ಅದರ ವಿಡಿಯೊದಲ್ಲಿ ಆತ ತಾನು ಓದಿದ ಪ್ರಾಥಮಿಕ ಶಾಲೆಗೆ ಮರಳಿ, ಕ್ರೀಡಾದಿನದಲ್ಲಿ ಚಿಕ್ಕ ಮಕ್ಕಳೊಡನೆ ಓಡುತ್ತಾನೆ!

'ಅಂಡರ್‌ಗ್ರೌಂಡ್' ಎಂದರೆ ಮುಂಬಯಿಯ ಭೂಗತ ಲೋಕವಲ್ಲ, ಗಾಬರಿ ಬೇಡ. ದೊಡ್ಡ ಕಂಪೆನಿಗಳ ನೆರವಿಲ್ಲದೆ, ರೇಡಿಯೊದ ಕೃಪೆಯಿಲ್ಲದೆ, ಸಣ್ಣ ಸಂಸ್ಥೆಗಳ ಮೂಲಕ ಬೆಳೆದ ಸಂಗೀತಕ್ಕೆ ಆ ಹೆಸರು. 1997ರಲ್ಲಿ ಶುರುವಾದ 'ಬಿಗ್ ಡಾಡ', ಜೆಸ್ಟ್ ಎಂಬ ರ‍್ಯಾಪರ್‌ನ 'ವೈಎನ್ಆರ್', 2010ರಲ್ಲಿ ಬ್ರೈಟನ್ ಊರಿನಲ್ಲಿ ತಲೆಯೆತ್ತಿದ 'ಹೈ ಫೋಕಸ್' ಇಂಥವು. ಪರವಾನಗಿ ಇಲ್ಲದ ರೇಡಿಯೊಗಳು ಇನ್ನೊಂದು ದಾರಿ. ಬಹುಮಹಡಿ ಕಟ್ಟಡಗಳ ನೆತ್ತಿಯ ಮೇಲೆ ಕದ್ದು ಆಂಟೆನಾ ನೆಟ್ಟು ಪ್ರಸಾರ ಮಾಡುತ್ತಿದ್ದ 'ರಿನ್ಸ್ ಎಫ್ಎಂ' ಹುಟ್ಟಿದ್ದು 1994ರಲ್ಲಿ. ಅದಕ್ಕೆ ಸರಕಾರಿ ಪರವಾನಗಿ ಸಿಕ್ಕಿದ್ದು 2010ರಲ್ಲಿ.

ನಲವತ್ಮೂರು ಸೆಕೆಂಡಿನ ಲೆಕ್ಕ

'ಬರೀ ಮಾತು, ಇದರಲ್ಲೇನು ಕಷ್ಟ?' ಎನ್ನುವವರಿಗೆ ಒಂದು ಗಣಿತ. ರ‍್ಯಾಪ್‌ನ ಒಂದು ಚರಣಕ್ಕೆ ಸಾಮಾನ್ಯವಾಗಿ 16 ಆವರ್ತ. ಒಂದು ಆವರ್ತಕ್ಕೆ 4 ಪೆಟ್ಟು, ಒಟ್ಟು 64. ನಿಮಿಷಕ್ಕೆ 90 ಪೆಟ್ಟಿನ ಹಾಡಾದರೆ ಚರಣ ಮುಗಿಯುವುದು ಸುಮಾರು 43 ಸೆಕೆಂಡಿನಲ್ಲಿ. ಲಂಡನ್ನಿನಲ್ಲೇ ಹುಟ್ಟಿದ 'ಗ್ರೈಮ್' ಎಂಬ ಬಗೆಯಲ್ಲಿ ನಿಮಿಷಕ್ಕೆ ಸುಮಾರು 140 ಪೆಟ್ಟು. ಅಲ್ಲಿ ಸಿಗುವುದು 27 ಸೆಕೆಂಡು ಮಾತ್ರ. ಅಷ್ಟರೊಳಗೆ ಪ್ರಾಸ ಕೂಡಬೇಕು, ಅರ್ಥ ಕೆಡಬಾರದು, ಉಸಿರು ಕಟ್ಟಬಾರದು. ಗೀಗೀ ಪದದವರ ಸವಾಲು-ಜವಾಬು ಕೇಳಿ ಬೆಳೆದ ಅಜ್ಜಂದಿರಿಗೆ ಈ ಕಷ್ಟ ಬೇಗ ತಿಳಿದೀತು.

ಲಂಡನ್ನಿನ ರ‍್ಯಾಪರ್ ಅಕಾಲ 2009ರಲ್ಲಿ 'ಹಿಪ್ ಹಾಪ್ ಷೇಕ್ಸ್‌ಪಿಯರ್ ಕಂಪೆನಿ' ಕಟ್ಟಿದ. ಒಂದೊಂದು ಸಾಲು ಓದಿ, ಇದು ಷೇಕ್ಸ್‌ಪಿಯರ್‌ನದೋ ರ‍್ಯಾಪರ್‌ನದೋ ಹೇಳಿ ಎಂದು ಸಭಿಕರನ್ನು ಕೇಳುವುದು ಅವನ ಪದ್ಧತಿ. ಓದಿದವರೂ ತಪ್ಪುತ್ತಾರೆ!

ಈಗ ಹೊಸ ಆಲ್ಬಂಗಳು

ಮೊದಲು 'ಲೋಟಸ್'. ಲಿಟ್ಲ್ ಸಿಮ್ಜ್ ಎಂಬ ಹೆಸರಿನಿಂದ ಹಾಡುವ ಸಿಂಬಿಯಾಟು ಅಜಿಕಾವೊ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ನೈಜೀರಿಯ ಮೂಲದ ಕುಟುಂಬದಲ್ಲಿ ಬೆಳೆದವಳು. ಬ್ರಿಟನ್ ಮತ್ತು ಐರ್ಲೆಂಡಿನ ವರ್ಷದ ಉತ್ತಮ ಆಲ್ಬಂಗೆ 1992ರಿಂದ ಕೊಡುತ್ತಿರುವ ಮರ್ಕ್ಯುರಿ ಪ್ರಶಸ್ತಿಯನ್ನು 2022ರಲ್ಲಿ ಗೆದ್ದಳು. ಗೆದ್ದ ಆಲ್ಬಂನ ಹೆಸರು 'ನಾನು ಕೆಲವೊಮ್ಮೆ ಅಂತರ್ಮುಖಿಯಾಗಿರಬಹುದು' ಎಂಬರ್ಥದ್ದು. ತರಗತಿಯಲ್ಲಿ ಕೈಯೆತ್ತಲು ಹೆದರುವ ಮಕ್ಕಳೇ, ಗಮನಿಸಿ: ಸಾವಿರಾರು ಜನರೆದುರು ನಿಲ್ಲುವವಳು ತನ್ನನ್ನು ಹೀಗೆ ಕರೆದುಕೊಂಡಿದ್ದಾಳೆ.

'ಲೋಟಸ್' ಬಂದದ್ದು 2025ರ ಜೂನ್‌ನಲ್ಲಿ. ಅದರ ಹಿಂದೆ ಒಂದು ನೋವಿದೆ. ಬಾಲ್ಯದ ಗೆಳೆಯನೂ ಆಗಿದ್ದ ಹಳೆಯ ನಿರ್ಮಾಪಕನೊಡನೆ ನಂಟು ಕಡಿದು, ಹಣದ ವಿಷಯ ನ್ಯಾಯಾಲಯದವರೆಗೆ ಹೋಗಿತ್ತು. ಕೆಸರಿನಿಂದ ಕಮಲ ಎಂಬ ನಮಗೆ ತೀರ ಪರಿಚಿತವಾದ ಹೋಲಿಕೆಯನ್ನೇ ಅವಳು ಹೆಸರಾಗಿ ಆರಿಸಿಕೊಂಡಳು. ಮೊದಲ ಹಾಡುಗಳಲ್ಲಿ ಸಿಟ್ಟಿದೆ. ಆಮೇಲೆ ಸಿಟ್ಟು ಕರಗಿ, ತಾನಿನ್ನು ಹಾಡಬಲ್ಲೆನೇ ಎಂಬ ಅನುಮಾನ ಬರುತ್ತದೆ. ಪಾಲಕರು ಒಂದೇ ಹಾಡು ಕೇಳುವುದಾದರೆ 'ಬ್ಲಡ್' ಕೇಳಿ. ಒಡಹುಟ್ಟಿದವರ ನಡುವಿನ ಮಾತುಕತೆಯ ರೂಪದಲ್ಲಿದೆ. ಇಬ್ಬರಿಗೂ ಪ್ರೀತಿಯಿದೆ, ಇಬ್ಬರಿಗೂ ದೂರಿದೆ. ಯಾರು ಮನೆಯವರನ್ನು ಮರೆತರು ಎಂಬ ವಾದ. ಯಾವ ದೇಶದ ಮನೆಯಲ್ಲೂ ನಡೆಯಬಹುದಾದ ಜಗಳ.

ಎರಡನೆಯದು ಲಾಯ್ಲ್ ಕಾರ್ನರ್‌ನ 'ಹೋಪ್‌ಫುಲಿ', 2025ರ ಜೂನ್‌ನದೇ. ಇವನ ನಿಜವಾದ ಹೆಸರು ಬೆಂಜಮಿನ್ ಕಾಯ್ಲ್-ಲಾರ್ನರ್. 'ಕಾ', 'ಲಾ' ಅದಲು ಬದಲು ಮಾಡಿ ನೋಡಿ: ಲಾಯ್ಲ್ ಕಾರ್ನರ್! ಇದು ಬರೀ ತಮಾಷೆಯಲ್ಲ. ಇವನಿಗೆ ಚಿಕ್ಕಂದಿನಿಂದ ಡಿಸ್ಲೆಕ್ಸಿಯ, ಅಂದರೆ ಓದುವಾಗ ಅಕ್ಷರಗಳು ತೊಡಕಾಗುವ ತೊಂದರೆ. ಜೊತೆಗೆ ಗಮನ ನಿಲ್ಲದ ಎಡಿಎಚ್‌ಡಿ. ಅಕ್ಷರ ಸ್ಥಾನ ತಪ್ಪಿದ್ದನ್ನೇ ಬಿರುದು ಮಾಡಿಕೊಂಡ. ತಾಯಿ ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಕಿ. 2017ರ ಮೊದಲ ಆಲ್ಬಂನಲ್ಲಿ ಆಕೆ ಮಗನ ಬಗ್ಗೆ ಬರೆದ ಕವಿತೆಯನ್ನು ಆಕೆಯ ದನಿಯಲ್ಲೇ ಕೇಳಬಹುದು. ಇವನು ಎಡಿಎಚ್‌ಡಿ ಇರುವ ಹದಿಹರೆಯದವರಿಗೆ ಅಡುಗೆ ಕಲಿಸುವ ಶಿಬಿರವನ್ನೂ ನಡೆಸಿದ್ದಾನೆ. ಒಲೆಯ ಮುಂದೆ ನಿಂತರೆ ಮನಸ್ಸು ಒಂದೆಡೆ ನಿಲ್ಲುತ್ತದೆ ಎಂಬುದು ಅವನ ಅನುಭವ.

ಇವನ ಹಿಂದಿನ ಆಲ್ಬಂ, 2022ರ 'ಹ್ಯೂಗೊ', ಒಂದು ಕಾರಿನ ಹೆಸರು. ಬೆಳೆಯುವಾಗ ಜೊತೆಗಿರದ ಹೆತ್ತ ತಂದೆ, ತಾನೂ ಅಪ್ಪನಾಗುವ ಹೊತ್ತಿಗೆ ಬಂದು, ಆ ಕಾರಿನಲ್ಲಿ ಮಗನಿಗೆ ಚಾಲನೆ ಕಲಿಸಿದ. ಎದುರುಬದುರು ಕೂತರೆ ಆಡಲಾಗದ ಮಾತುಗಳು ಅಕ್ಕಪಕ್ಕ ಕೂತು ರಸ್ತೆ ನೋಡುವಾಗ ಹೊರಬಂದವು. 'ಹೋಪ್‌ಫುಲಿ'ಯಲ್ಲಿ ಅವನೇ ತಂದೆ. ಈ ಬಾರಿ ಮಾತಿಗಿಂತ ಗುನುಗು ಹೆಚ್ಚು. ಹಾಡುಗಾರನ ಕಂಠ ಅವನದಲ್ಲ. ಆದರೂ ಹಾಡುತ್ತಾನೆ, ಮಗುವನ್ನು ಮಲಗಿಸುವ ಅಪ್ಪ ಶ್ರುತಿಗೆ ಹೆದರದೆ ಹಾಡುವ ಹಾಗೆ. ಹಳೆಯ ಅಭಿಮಾನಿಗಳಿಗೆ ರ‍್ಯಾಪ್ ಕಡಿಮೆಯಾಯಿತೆಂದು ಬೇಸರವಾದೀತು; ಈ ಅಂಕಣಕಾರನಿಗೂ ಸ್ವಲ್ಪ ಆಯಿತು. ಆದರೆ ರಾತ್ರಿ ದೀಪ ಆರಿಸಿದ ಮೇಲೆ ಕೇಳಲು ಇದೇ ಸರಿ.

ಮೂರನೆಯದು ಕೇ ಟೆಂಪೆಸ್ಟ್‌ನ 'ಸೆಲ್ಫ್ ಟೈಟಲ್ಡ್', 2025ರ ಜುಲೈನದು. ಕವಿ, ನಾಟಕಕಾರ, ರ‍್ಯಾಪರ್ ಮೂರೂ ಆದ ಟೆಂಪೆಸ್ಟ್ ಹೆಣ್ಣೆಂದು ಗುರುತಿಸಿಕೊಂಡು ಬೆಳೆದು ಈಗ ಗಂಡಾಗಿ ಬದುಕುತ್ತಿರುವ ವ್ಯಕ್ತಿ. 'ನೋ ಯುವರ್‌ಸೆಲ್ಫ್' ಎಂಬ ಹಾಡಿನಲ್ಲಿ ಇಂದಿನ ಟೆಂಪೆಸ್ಟ್ ಎಳೆಯ ವಯಸ್ಸಿನ ತನ್ನೊಡನೆಯೇ ಮಾತಾಡುತ್ತಾನೆ. ಮೂರರಲ್ಲಿ ಹೆಚ್ಚು ಗಾಢವಾದದ್ದು ಇದು. ಕಾಲೇಜು ವಿದ್ಯಾರ್ಥಿಗಳಿಗೆ ಹಿಡಿಸೀತು.

ದೊಡ್ಡ ದನಿ ಬೇಡವೆನ್ನುವವರಿಗೆ ಲಂಡನ್ನಿನ ಹ್ಯಾಕ್ನಿಯ ಜಾನ್ ಗ್ಲೇಸಿಯರ್ ಇದ್ದಾಳೆ. ಹೆಸರು ಜಾನ್, ಹಾಡುವವಳು ಹುಡುಗಿ. 2025ರ ಫೆಬ್ರವರಿಯಲ್ಲಿ ಬಂದ 'ಲೈಕ್ ಎ ರಿಬ್ಬನ್'ನಲ್ಲಿ ಅವಳು ಕಿವಿಯ ಹತ್ತಿರ ಗುಟ್ಟು ಹೇಳುವಂತೆ ಮಾತಾಡುತ್ತಾಳೆ.

ಕೊನೆಯದು, ನಿಮ್ಮ ಮಕ್ಕಳ ಮೊಬೈಲಿನಲ್ಲಿ ಬಹುಶಃ ಈಗಾಗಲೇ ಇರುವುದು: ಲಿವರ್‌ಪೂಲಿನ ಎಸ್‌ಡೀಕಿಡ್‌ನ 'ರೆಬೆಲ್', ಇದೂ 2025ರದು. ಮುಖ ಮುಚ್ಚಿಕೊಂಡೇ ಕಾಣಿಸಿಕೊಳ್ಳುವ ಈತನ ಬಂಡವಾಳ ಲಿವರ್‌ಪೂಲಿನ ದಪ್ಪ ಉಚ್ಚಾರ. ಲಂಡನ್ ಪಾಸಿ ಹಚ್ಚಿದ ದೀಪ ಆ ಊರಿಗೂ ತಲುಪಿತು ಎನ್ನಬಹುದು. ಆದರೆ ಮುಚ್ಚುಮರೆ ಬೇಡ: ಮಾದಕ ವಸ್ತು, ಬೈಗುಳ ಧಾರಾಳವಾಗಿವೆ, ಹೇಳುವ ವಿಷಯ ತೆಳು. ಸದ್ದಿದೆ, ಸೊಲ್ಲು ಕಡಿಮೆ. ಹಾಡಿನ ಹೆಸರಿನ ಪಕ್ಕ ಪುಟ್ಟ ಚೌಕದಲ್ಲಿ ಇಂಗ್ಲಿಷಿನ 'ಇ' ಅಕ್ಷರ ಕಂಡರೆ ಅದು ದೊಡ್ಡವರ ಭಾಷೆ ಇದೆ ಎಂಬ ಸೂಚನೆ. ಮೇಲೆ ಹೇಳಿದ ಆಲ್ಬಂಗಳಲ್ಲೂ ಅಲ್ಲಲ್ಲಿ ಅದು ಸಿಗುತ್ತದೆ. ಚಿಕ್ಕ ಮಕ್ಕಳಿಗಾದರೆ ಮೊದಲು ನೀವು ಕೇಳಿ ನೋಡುವುದು ಒಳಿತು.

ತೆರೆದ ಒಂದು ಬಾಗಿಲು

ಬ್ರಿಟನ್ನಿನಲ್ಲೂ ಈ ಸಂಗೀತವನ್ನು ಅನುಮಾನದಿಂದಲೇ ನೋಡಿದರು. 2005ರಿಂದ ಲಂಡನ್ ಪೊಲೀಸರು 'ಫಾರಂ 696' ಎಂಬ ಅರ್ಜಿ ತಂದರು. ಸಂಗೀತ ಯಾವ ಬಗೆಯದು, ಕೇಳಲು ಬರುವವರು ಯಾವ ಜನಾಂಗದವರು ಎಂದೆಲ್ಲ ಅದರಲ್ಲಿ ಮೊದಮೊದಲು ಕೇಳಲಾಗುತ್ತಿತ್ತು. ಟೀಕೆ ಹೆಚ್ಚಿ, 2017ರಲ್ಲಿ ಅದನ್ನು ಕೈಬಿಟ್ಟರು.

ಆದರೆ ಅದೇ ಲಂಡನ್ನಿನಲ್ಲಿ ಇನ್ನೊಂದು ಬಗೆಯ ದೊಡ್ಡವರೂ ಇದ್ದರು. ಡಿಜೀ ರಾಸ್ಕಲ್ ಎಂಬ ಹುಡುಗನನ್ನು ಒಂದರ ಹಿಂದೊಂದು ಶಾಲೆ ಹೊರಹಾಕಿತು. ಕೊನೆಯ ಶಾಲೆಯಲ್ಲಿ ಸಂಗೀತದ ತರಗತಿ ಬಿಟ್ಟು ಬೇರೆ ಯಾವ ತರಗತಿಗೂ ಅವನಿಗೆ ಪ್ರವೇಶವಿರಲಿಲ್ಲ. ಅಲ್ಲಿನ ಸಂಗೀತದ ಮೇಷ್ಟ್ರು ಮಾತ್ರ ಕಂಪ್ಯೂಟರ್ ಬಳಸಲು ಬಿಟ್ಟರು. ಅಲ್ಲಿ ಕೂತು ಅವನು ತಾಳ ಕಟ್ಟಲು ಕಲಿತ. 2003ರಲ್ಲಿ 'ಬಾಯ್ ಇನ್ ಡ ಕಾರ್ನರ್', ಅಂದರೆ 'ಮೂಲೆಯ ಹುಡುಗ', ಎಂಬ ಆಲ್ಬಂಗೆ ಮರ್ಕ್ಯುರಿ ಪ್ರಶಸ್ತಿ ಬಂದಾಗ ಅವನಿಗೆ 18 ವರ್ಷ. ಲಿಟ್ಲ್ ಸಿಮ್ಜ್‌ಗೆ ಸಿಕ್ಕ ಬಾಗಿಲು ಇಸ್ಲಿಂಗ್ಟನ್‌ನ ಸೇಂಟ್ ಮೇರೀಸ್ ಯುವಕ ಕೇಂದ್ರ. ಲಾಯ್ಲ್ ಕಾರ್ನರ್‌ಗೆ ತಾಯಿ. 2010ರ ನಂತರ ಖರ್ಚು ಕಡಿತದ ಹೆಸರಿನಲ್ಲಿ ಬ್ರಿಟನ್ನಿನ ಅನೇಕ ಯುವಕ ಕೇಂದ್ರಗಳು ಮುಚ್ಚಿದವು. ಆ ಬಾಗಿಲುಗಳ ಹಿಂದೆ ಬರಬಹುದಾಗಿದ್ದ ಆಲ್ಬಂಗಳನ್ನು ಯಾವ ಅಂಕಣಕಾರನೂ ಪರಿಚಯಿಸಲಾರ.

ಹಾಗೆಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪ್ರಾಸ ಗೀಚುವ ಮಗನೆಲ್ಲ ಪ್ರಶಸ್ತಿ ಗೆಲ್ಲುತ್ತಾನೆಂದಲ್ಲ. ಗೆಲ್ಲುವವರು ಕೆಲವರೇ. ಗಣಿತದ ಮನೆಪಾಠ ಬಿಡಿಸಿ ಮೈಕ್ ಕೊಡಿಸಿ ಎಂಬ ಸಲಹೆಯೂ ಇದಲ್ಲ. ಆದರೆ ಆ ಹಾಳೆ ಕಂಡಾಗ ಹರಿಯುವ ಮೊದಲು ಒಮ್ಮೆ ಓದಿ. ಅಲ್ಲಿ ಅವನು ನಿಮಗೆ ಬಾಯಿಬಿಟ್ಟು ಹೇಳಲಾಗದ್ದು ಇದ್ದೀತು.

ವಿದ್ಯಾರ್ಥಿಗಳಿಗೂ ಒಂದು ಮಾತು. ಮುಂದಿನ ಸಲ "ನಿಮಗೆ ಅರ್ಥವಾಗೊಲ್ಲ" ಎನ್ನುವ ಬದಲು ಒಂದು ಹಾಡು ಹಚ್ಚಿ, ಅದರ ಅರ್ಥವನ್ನು ಮನೆಮಾತಿನಲ್ಲಿ ಅಮ್ಮನಿಗೆ ಹೇಳಲು ಯತ್ನಿಸಿ. ಹೇಳಲು ಬಂದರೆ ಹಾಡು ಒಳ್ಳೆಯದು. ಹೇಳಲು ನಾಚಿಕೆಯಾದರೆ, ಅದೂ ಒಂದು ವಿಮರ್ಶೆಯೇ.